ಹದಿನಾರನೆಯ ಕಂಬ

ಒನೆಗಾ ಸರೋವರದ ಬಡಗಣ ದಂಡೆ, ಮೇ ತಿಂಗಳ ಕೊನೆ.
ಬರ್ಚ್ ಎಲೆ ಇನ್ನೂ ಇಲಿಯ ಕಿವಿಯಷ್ಟು.
ಗ್ಲಾಫೀರಾಳ ಹಳೆಯ ಮರದ ಮನೆ
ಒಂದು ಮಗ್ಗುಲು ಎತ್ತಿಕೊಂಡು ನಿಂತಿದೆ,
ಹಲ್ಲುನೋವಿನ ಮುಖ.
ಚಳಿಗೆ ನೆಲ ಉಬ್ಬಿ ಮೂಲೆಗಲ್ಲನ್ನು ಎತ್ತುತ್ತದೆ,
ಬೇಸಿಗೆಗೆ ಇಳಿಸುತ್ತದೆ,
ಎತ್ತಿದಷ್ಟನ್ನೂ ಇಳಿಸುವುದಿಲ್ಲ,
ಬಡ್ಡಿ ಹಿಡಿದುಕೊಳ್ಳುತ್ತದೆ.
ಒಲೆ ಬಿರಿದದ್ದು ಮೂರು ಸಲ.
ಬಾಗಿಲಿಗೆ ಜನವರಿಯದೊಂದು ಅಳತೆ, ಜುಲೈಯದೊಂದು.

ಅದಕ್ಕೇ ಈಗ ಹಲಗೆಯ ಚೌಕಟ್ಟಿನ ಹಗುರ ಮನೆ,
ಅದರಡಿಗೆ ಹದಿನಾರು ತಿರುಪುಕಂಬ.
ಎರಡೂವರೆ ಮೀಟರು ಕಬ್ಬಿಣದ ಕೊಳವೆ,
ತುದಿ ಚೂಪು, ಚೂಪಿನ ಮೇಲೆ ಒಂದೇ ಸುತ್ತಿನ ರೆಕ್ಕೆ.
ಚಳಿಯ ಕೈಗೆ ಎಟುಕದ ಆಳದಲ್ಲಿ
ಆ ರೆಕ್ಕೆ ಮಲಗಬೇಕು.
ನಮ್ಮ ಮೇಸ್ತ್ರಿ ವಿಕೆಂತಿ ಹೇಳುತ್ತಾನೆ:
ಹೊಡೆದರೆ ನೆಲ ಎದುರಾಡುತ್ತದೆ,
ತಿರುಗಿಸಿದರೆ ತಾನೇ ಕಚ್ಚಿಕೊಳ್ಳುತ್ತದೆ.

ಕೊಳವೆಯ ಕಿವಿಗೆ ಹಾರೆ ತೂರಿಸಿ
ನಾವು ನಾಲ್ವರು ಸುತ್ತುತ್ತೇವೆ.
ಫರ್ಗಾನಾದ ಶಾವ್ಕತ್ ನಗುತ್ತಾನೆ:
ಅವನಜ್ಜನ ಎಣ್ಣೆಗಾಣಕ್ಕೂ ಒಂದು ಕುದುರೆಯಿತ್ತಂತೆ,
ಕಣ್ಣಿಗೆ ಪಟ್ಟಿ.
ನಮಗೆ ಮುಖಕ್ಕೆ ಸೊಳ್ಳೆಬಲೆ. ಅಷ್ಟೇ ವ್ಯತ್ಯಾಸ,
ಎಳ್ಳೆಣ್ಣೆಯೂ ಇಲ್ಲ.

ಹದಿನೈದು ಇಳಿದವು. ಏಳನೆಯದಕ್ಕೆ ಬಂಡೆ ಅಡ್ಡ ಬಂತು,
ಗೇಣು ಸರಿಸಿದೆವು.
ಹದಿನಾರನೆಯದು ಮಾತ್ರ
ಗಂಜಿಯೊಳಗಿನ ಸೌಟು.
ಸುತ್ತಿದರೆ ಸುತ್ತುತ್ತದೆ, ಬಿಗಿಯುವುದಿಲ್ಲ.
ಶಾವ್ಕತ್ ಒಬ್ಬನೇ, ಒಂದೇ ಕೈಯಲ್ಲಿ ತಿರುಗಿಸಿ ತೋರಿಸಿದ.

ಇಲ್ಲಿ ಏನಿತ್ತು? ವಿಕೆಂತಿ ಕೇಳಿದ.
ಏನೂ ಇಲ್ಲ, ಅಂದಳು ಗ್ಲಾಫೀರಾ,
ಆಲೂಗಡ್ಡೆ ಸಿಪ್ಪೆಯ ಕೈ ಏಪ್ರನ್ನಿಗೆ ಒರೆಸುತ್ತ.

ಬೇಲಿಯಾಚೆಯಿಂದ ಧ್ವನಿ ಬಂತು:
ಬಾವಿ ಇತ್ತು.

ಉಸ್ತೀನ್ಯಾ. ಬೆಳಗಿನಿಂದ ಅಲ್ಲೇ ನಿಂತಿದ್ದಾಳೆ,
ನಮ್ಮ ಸುತ್ತು ಎಣಿಸುತ್ತ.
ಎರಡು ಮನೆಗೂ ಒಂದೇ ಬಾವಿ.
ನಿಮ್ಮಪ್ಪ ಒಂದೇ ರಾತ್ರಿಯಲ್ಲಿ ಮುಚ್ಚಿದ,
ನಮಗೂ ಬೇಡ ನಿಮಗೂ ಬೇಡ ಅಂತ.
ನಲವತ್ತು ವರ್ಷ ಇಬ್ಬರೂ
ಸರೋವರದಿಂದ ನೀರು ಹೊತ್ತೆವು,
ಬೇರೆ ಬೇರೆ ಹಾದಿಯಲ್ಲಿ.

ಯಾರೂ ಮಾತಾಡಲಿಲ್ಲ.
ತಿರುಗಿಸಿದ್ದನ್ನು ತಿರುಗಿಸಿಯೇ ಬಿಚ್ಚಬೇಕು.
ಉಲ್ಟಾ ಸುತ್ತಿದೆವು. ರೆಕ್ಕೆಯ ಮೇಲೆ ಬಂದದ್ದು
ಕಪ್ಪು ಕೆಸರು, ಸರಪಳಿಯ ಒಂದು ಕೊಂಡಿ.
ಗ್ಲಾಫೀರಾ ಅದನ್ನು ಜೇಬಿಗೆ ಹಾಕಿಕೊಂಡಳು,
ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಅಷ್ಟರಲ್ಲಿ ಆಕೆ ಬೇಲಿ ದಾಟಿ ಬಂದಿದ್ದಳು.
ಎರಡು ಹೆಜ್ಜೆ ಈಚೆ ರಬ್ಬರ್ ಬೂಟು ಊರಿ
ಇಲ್ಲಿ, ಅಂದಳು.
ಬಕೆಟ್ ಇಳಿಸುತ್ತಿದ್ದ ಜಾಗ. ಮೂರು ತಲೆಮಾರು ತುಳಿದಿದೆ.

ಅಲ್ಲಿ ನೆಲ ಕಚ್ಚಿತು.
ಕೊನೆಯ ಅರ್ಧ ಸುತ್ತಿಗೆ ನಾಲ್ವರೂ ಎದೆಕೊಟ್ಟು ತಳ್ಳಿದೆವು,
ಹಾರೆ ಬಾಗಿತು.
ಮೂಲೆಯ ತೊಲೆ ಜೋಡಿಯಾಗಬೇಕು ಎಂದು ವಿಕೆಂತಿ ಗೊಣಗಿದ,
ಖರ್ಚು ಬರೆದುಕೊಂಡ.

ಇನ್ನು ತಲೆಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸುವ ಕೆಲಸ.
ಉದ್ದನೆಯ ಪಾರದರ್ಶಕ ಕೊಳವೆ, ಒಳಗೆ ಸರೋವರದ ನೀರು.
ಕೈಗೆ ಸಿಕ್ಕವರು ಅವರಿಬ್ಬರೇ:
ಒಂದನೆಯ ಕಂಬದ ಬಳಿ ಗ್ಲಾಫೀರಾ ಒಂದು ತುದಿ ಹಿಡಿದಳು,
ಹದಿನಾರರ ಬಳಿ ಉಸ್ತೀನ್ಯಾ ಇನ್ನೊಂದು.
ಅಲುಗಾಡಬೇಡಿ, ಎಂದು ವಿಕೆಂತಿ ಕೂಗಿದ.
ನೀರು ತೂಗಿತು, ತೂಗಿ ನಿಲ್ಲುತ್ತಿತ್ತು.

ಉಸ್ತೀನ್ಯಾ ತನ್ನ ತುದಿಯನ್ನು ಒಂದಿಷ್ಟು ಎತ್ತಿದಳು,
ಬೇಕೆಂದೇ ಇರಬೇಕು.
ಆ ಕಡೆ ನೀರು ಉಕ್ಕಿ
ಗ್ಲಾಫೀರಾಳ ತೋಳು ಮೊಳಕೈವರೆಗೆ ತೋಯಿತು.
ಅವಳು ಕೊಳವೆ ಬಿಡಲಿಲ್ಲ.