ಮೀಟರ್ ಪುಸ್ತಕದ ಹಿಂಪುಟ

ನನಗೆ ಸಂಗೀತ ಬಾರದು.
ಮನೆಮನೆಯ ಕರೆಂಟು ಮೀಟರು ಓದುವುದು ಕೆಲಸ,
ತಲಪಾಡಿಯಿಂದ ಈಚೆ, ಶಿರಿಯ ಹೊಳೆಯ ಎರಡೂ ದಡ.
ನಾಯಿ ಇಲ್ಲದ ಮನೆಯಲ್ಲಿ ನೀರು ಕೊಡುತ್ತಾರೆ,
ನಾಯಿ ಇರುವ ಮನೆಯವರು ಅಂಕಿಯನ್ನು ಒಳಗಿಂದಲೇ ಕೂಗುತ್ತಾರೆ.

ಹೀಗಿರುವಾಗ ಒಂದು ಮಟ್ಟು ನನ್ನ ಬೆನ್ನು ಬಿತ್ತು.

ಮೊದಲು ಕೇಳಿದ್ದು ಬೇಳದಲ್ಲಿ.
ಮೀಟರು ರೋಸಿನ ಚಪ್ಪರದ ಹಿಂದಿತ್ತು,
ಮದುಮಗಳ ತಲೆಗೆ ತೆಂಗಿನಹಾಲು ಸುರಿಯುತ್ತಿದ್ದರು,
ಯಾರೋ ಪಿಟೀಲು ಕುಯ್ಯುತ್ತಿದ್ದರು.
ಎರಡು ಸುತ್ತು: ಒಂದು ತಗ್ಗಿನಲ್ಲಿ, ಒಂದು ಏರಿನಲ್ಲಿ.
ಏರಿನ ನಡುವೆ ಸಟ್ಟನೆ ಒಂದು ಹಾರು,
ಕಾಲುಸಂಕದಲ್ಲಿ ಹಲಗೆ ಇಲ್ಲದ ಕಡೆ ದಾಟಿದ ಹಾಗೆ.
ಏನಿದರ ಹೆಸರು ಅಂದೆ.
‘ಎಡವಿದ ಮದುಮಗಳು’ ಅಂದಳು ಸೆವ್ರಿನ್ ಬಾಯಿ.
‘ಕೇಳಿ, ಅಲ್ಲಿ ಸೀರೆಯಂಚು ಮೆಟ್ಟಿದಳು.’
ಬರೆದುಕೊಂಡೆ. ಯೂನಿಟ್ಟು ನೂರ ಹದಿನಾರು.

ಮೊಗ್ರಾಲಿನಲ್ಲಿ ಅದೇ ಮಟ್ಟು
ಬೀಡಿ ಸುರುಟುವ ಆಯಿಸುಮ್ಮನ ಮೂಗಿನಲ್ಲಿತ್ತು.
‘ಕಡವಿನ ಪಾಟ್ಟ್’ ಅಂದಳು. ಸೇತುವೆ ಇಲ್ಲದ ಕಾಲಕ್ಕೆ
ಅವಳ ಉಪ್ಪ ದೋಣಿ ನಡೆಸುತ್ತಿದ್ದನಂತೆ.
ಆ ಹಾರು ಉಂಟಲ್ಲ, ಅದು ದೋಣಿ ಮರಳಿಗೆ ತಾಗಿದ್ದು.
ಮಲಯಾಳದಲ್ಲಿ ಹೇಳಿದಳು, ಕನ್ನಡದಲ್ಲಿ ಬರೆದೆ,
ಅವಳ ಕತ್ತರಿ ಮಾತ್ರ ನಿಲ್ಲಲಿಲ್ಲ.

ಪೈವಳಿಕೆಯ ಕಡೆ ಅದು ‘ಪುಚ್ಚೆ ಲಾಗ್‌ಂಡ್’,
ಬೆಕ್ಕು ಹಾರಿತು.
ಹಾಲಿನ ಪಾತ್ರೆಯ ಮೇಲಿಂದಲೋ, ನೆರೆಮನೆಯ ಪಾಗಾರದಿಂದಲೋ
ಎಂದು ಅಣ್ಣತಮ್ಮಂದಿರೊಳಗೆ ತಕರಾರು.
ಉಪ್ಪಳದ ಬ್ಯಾಂಡಿನವರಿಗೆ ‘ಲೋಕಲ್ ತಪ್ಪಿತು’.
ಬಾಯಾರಿನ ಬಳ್ಳುಳ್ಳಾಯ ಮಾಸ್ತರು ಕನ್ನಡಕ ಏರಿಸಿ,
ಇದು ರಾಗವೇ, ಸಂಶಯ ಬೇಡ, ನಿಷಾದ ವರ್ಜ್ಯ,
ಹೆಸರು ನಾಳೆ ಹೇಳುತ್ತೇನೆ ಅಂದರು.
ನಾನು ಹೋಗುವುದು ಎರಡು ತಿಂಗಳಿಗೊಮ್ಮೆ.
ಇನ್ನೂ ನಾಳೆ ಆಗಿಲ್ಲ.

ನನಗೇನೂ ಇದು ವಿಚಿತ್ರ ಕಾಣಲಿಲ್ಲ.
ನಮ್ಮ ಬಸ್ಸಿಗೆ ಎದುರಿನ ಬೋರ್ಡಿನಲ್ಲಿ ಒಂದು ಊರು,
ಹಿಂದಿನ ಬೋರ್ಡಿನಲ್ಲಿ ಅದೇ ಊರು ಬೇರೆ.
ಕೊಗ್ಗು ಆಗಿದ್ದ ನಾನು ರೇಶನ್ ಕಾರ್ಡಿನಲ್ಲಿ ಕೊಕ್ಕು ಆಗಿ
ಇಪ್ಪತ್ತೆರಡು ವರ್ಷ ಅಕ್ಕಿ ತಂದಿದ್ದೇನೆ.

ಕೊನೆಗೆ ಎಲ್ಲರೂ ಬೆರಳು ತೋರಿಸಿದ್ದು ಒಂದೇ ಕಡೆ:
ವರ್ಕಾಡಿ ಗುಡ್ಡೆಯ ಮುದುಕ ಬಾಲ್ತು ಮೊಂತೇರೊ,
ಕನ್ಸ್ಯೂಮರ್ ನಂಬರ್ ನಾಲ್ಕು ಸಾವಿರದ ಒಂಬತ್ತು, ಒಂದೇ ಬಲ್ಬು.
ಹೆಸರೇನು ಅಂದೆ. ‘ಯಾರದ್ದು?’
ಮಟ್ಟಿನದ್ದು.
‘ಅದಾ? ಅದು ಅದೇ.’
ಮದುಮಗಳು, ದೋಣಿ, ಬೆಕ್ಕು, ರೈಲು, ಎಲ್ಲ ಓದಿ ಹೇಳಿದೆ.
ನಕ್ಕ, ನಕ್ಕು ಕೆಮ್ಮಿದ, ಕೆಮ್ಮಿ ಉಗಿದು ಬಂದ.
‘ಎಂತ ಬೆಕ್ಕು ಮಾರಾಯ!
ಆ ಮಳೆಗಾಲ ನನ್ನ ಸಪೂರದ ತಂತಿ ತುಂಡಾಗಿತ್ತು.
ಮಂಗಳೂರಿಂದ ತರಿಸಲು ದುಡ್ಡಿಲ್ಲ.
ಇಲ್ಲದ ಸ್ವರವನ್ನು ಹಾರಿದೆ.
ಕಲಿತವರು ಹಾರನ್ನೂ ಕಲಿತರು.’

ಈಗ ತಂತಿ ಉಂಟಲ್ಲ, ಅಂದೆ.
ಪಿಟೀಲು ತೆಗೆದ. ಗಲ್ಲಕ್ಕಲ್ಲ, ಎದೆಗೊತ್ತಿ ಹಿಡಿದ.
ನಾಲ್ಕು ತಂತಿಯಲ್ಲೂ ನುಡಿಸಿದ.
ಅಲ್ಲಿಗೆ ಬಂದಾಗ, ಹಾರಿದ.

ಪುಸ್ತಕ ಮುಚ್ಚಬಹುದಿತ್ತು. ಮುಚ್ಚಿಯೂ ಇದ್ದೆ.
ಮೆಟ್ಟಿಲಿಳಿಯುವಾಗ ಅವನೇ ಹಿಂದಿನಿಂದ ಕರೆದ:
‘ನಾನಾದರೂ ಕೇಳಿ ಕಲಿತದ್ದು.
ತೋಮ ಸಪಲ್ಯ ಅಂತ ಇದ್ದ, ಮೌರಿ ಊದುವವ.
ಬದುವಿನಲ್ಲಿ ಕೂತು ಊದುತ್ತಿದ್ದ.
ಅವನೂ ಅಲ್ಲಿ ಬರುವಾಗ…’
ನಿಲ್ಲಿಸಿದ.
ಇಬ್ಬರೂ ಒಟ್ಟಿಗೇ ಲೆಕ್ಕ ಹಾಕಿದೆವು.
ಮೌರಿಗೆ ತಂತಿ ಎಲ್ಲಿ?

ಬಾಲ್ತು ಒಳಗೆ ಹೋದ. ಹಗಲಲ್ಲೇ ಬಲ್ಬು ಹಾಕಿದ,
ಪಿಟೀಲಿನ ಹೊಟ್ಟೆಯೊಳಗೆ ಬಗ್ಗಿ ಏನೋ ಹುಡುಕಿದ.
ಗೋಡೆಯ ಮೇಲೆ ಮೀಟರಿನ ಚಕ್ರ ಮೆಲ್ಲಗೆ ತಿರುಗಿತು,
ಕೆಂಪು ಗುರುತು ಬಂತು, ಹೋಯಿತು.

ಹೆಸರು ಬರೆಯಲೆಂದು ಬಿಟ್ಟ ಜಾಗದಲ್ಲಿ
ಮನೆಯಲ್ಲಿ ಜನ ಇಲ್ಲದಾಗ ಬರೆಯುವುದನ್ನೇ ಬರೆದೆ:
ಬಾಗಿಲು ಹಾಕಿತ್ತು. ಮುಂದಿನ ಸಲ.