ಮೂರನೆಯ ಕಾವಲುಗಾರ

ಮೂವತ್ತೊಂದು ವರ್ಷ ನೆಗ್ಗು ತೆಗೆದವನು ನಾನು,
ಗೋಣಿಕೊಪ್ಪಲಿನ ಬೈಪಾಸಿನಲ್ಲಿ.
ಜೀಪಿನ ಬಾಗಿಲು, ಪಿಕಪ್ಪಿನ ಬಾನೆಟ್ಟು,
ಆನೆ ಸುಮ್ಮನೆ ಒರಗಿ ಹೋದ ವ್ಯಾನಿನ ಪಕ್ಕೆ.
ಒಳಗಿನಿಂದ ತಟ್ಟಿ ತಟ್ಟಿ
ಏನೂ ಆಗಿಯೇ ಇಲ್ಲವೆಂಬಂತೆ ಮಾಡಿಕೊಡುವುದು
ನನ್ನ ಹೊಟ್ಟೆಪಾಡು.

ದೇಚು ಬಂದು ಕೇಳಿದ್ದು ಇದರ ಉಲ್ಟಾ.
‘ಇನಾಸಣ್ಣ, ನನಗೊಂದು ನೆಗ್ಗು ಬೇಕು.
ಎಡಭುಜದಿಂದ ಮೂರು ಬೆರಳು ಕೆಳಗೆ,
ಹುಣಸೆಬೀಜ ಕೂರುವಷ್ಟು ಆಳ.’

ಮೊಬೈಲು ಚಾಚಿದಳು. ಯಾವುದೋ ಗ್ರಹ, ನೀಲಿ ಹಬೆ,
ಒಂದು ಬಾಗಿಲು, ಕಾಯುವವರು ಮೂವರು.
ಇವಳಿಗೆ ಬೇಕಾದವನು ಮೂರನೆಯವನು.
ಹೆಸರಿಲ್ಲ, ಮಾತಿಲ್ಲ. ಹನ್ನೊಂದು ಸೆಕೆಂಡು ನಿಲ್ಲುತ್ತಾನೆ,
ತುಟಿ ಬಿಗಿಯುತ್ತಾನೆ, ಬೀಳುತ್ತಾನೆ.
ಕತೆ ಅವನನ್ನು ದಾಟಿ ಒಳಗೆ ಹೋಗುತ್ತದೆ.

‘ಇವನೇ ಯಾಕೆ?’
‘ಇವನನ್ನು ಯಾರೂ ಮಾಡಿಲ್ಲ, ಅದಕ್ಕೆ.’
ಸ್ವಲ್ಪ ಹೊತ್ತು ಬಿಟ್ಟು,
‘ಅಲ್ಲ. ಯಾಕೋ ಗೊತ್ತಿಲ್ಲ.’

ಹಗಲೆಲ್ಲ ಪೊನ್ನಂಪೇಟೆಯ ಪಶು ಆಸ್ಪತ್ರೆ,
ಸಂಜೆ ಆರಕ್ಕೆ ನನ್ನ ಶೆಡ್ಡು.
ಹಸುವಿನ ಎದೆ ಅಳೆಯುವ ಟೇಪನ್ನೇ
ತನ್ನ ಎದೆಗೆ ಸುತ್ತಿಕೊಂಡು ಅಳತೆ ಕೊಟ್ಟಳು, ನಗಲಿಲ್ಲ.
ಹನ್ನೊಂದು ಸೆಕೆಂಡೆಂದರೆ ಇನ್ನೂರ ಅರವತ್ತನಾಲ್ಕು ಚಿತ್ರವಂತೆ.
ಒಂದೊಂದನ್ನೂ ನಿಲ್ಲಿಸಿ ಸ್ಕ್ರೂ ಎಣಿಸಿದೆವು.
ಬಲಗಡೆ ಒಂಬತ್ತು, ಎಡಗಡೆ ಎಂಟು.
ಎಂಟು ಹೇಗೆ? ಬಿದ್ದುಹೋಗಿರಬೇಕು.
ನಾವೂ ಒಂಬತ್ತು ಹಾಕಿ ಒಂದನ್ನು ಕಿತ್ತೆವು.
ತೂತು ಮಾತ್ರ ಇರಬೇಕಲ್ಲ.

ಹೊರಗೆ ಅಲ್ಯುಮಿನಿಯಂ ತಗಡು,
ಒಳಗೆ ಅಂಗನವಾಡಿಯವರು ಬಿಸಾಡಿದ ಅಕ್ಷರದ ಚಾಪೆ.
ಅವಳ ಹೃದಯದ ನೇರಕ್ಕೆ ಈಗಲೂ ಒಂದು ‘ಠ’ ಇದೆ.

ಬಣ್ಣ ನನ್ನ ಪಾಲಿಗೆ ಬಂತು.
ನೀಲಿ ಬೆಳಕಿನಲ್ಲಿ ತೆಗೆದದ್ದು, ಕಂಡದ್ದೆಲ್ಲ ಸುಳ್ಳು.
ಪಕ್ಕದ ಕಾವಲುಗಾರನ ಹಲ್ಲು ನೋಡಿದೆ,
ಅದೂ ನೀಲಿ.
ಹಲ್ಲಿನ ಮೇಲಿನ ನೀಲಿಯನ್ನು ಕವಚದಿಂದ ಕಳೆದೆ,
ಉಳಿದದ್ದು ಹಳೆಯ ಏಲಕ್ಕಿ ಸಿಪ್ಪೆ.
ನಾಲ್ಕು ಸಲ ಹೊಡೆದು ಮೂರು ಸಲ ಉಜ್ಜಿ ತೆಗೆದೆ.
ಆ ಊರಿನ ಮಣ್ಣು ಕಪ್ಪು, ನಮ್ಮದು ಕೆಂಪು,
ಆದ್ದರಿಂದ ಸೈಲೆನ್ಸರಿನ ಮಸಿ.

ನೂರ ತೊಂಬತ್ತೊಂದನೆಯ ಚಿತ್ರದಲ್ಲಿ
ಕಂಕುಳ ಕೆಳಗೆ ಏನೋ ಮಿಂಚಿತು.
ದೊಡ್ಡದು ಮಾಡಿದರೆ, ಪಿನ್ನು!
ಸೀರೆಯ ನೆರಿಗೆಗೆ ಹಾಕುವಂಥದ್ದು.
ಅಷ್ಟು ಕೋಟಿಯ ಸಿನಿಮಾ, ಬೇರೆ ಗ್ರಹ,
ಯಾವನೋ ದರ್ಜಿ ಅವಸರದಲ್ಲಿ ಚುಚ್ಚಿ ಓಡಿದ್ದಾನೆ.
ನಾನು ಅಲ್ಲಿ ಒಳ್ಳೆಯ ಹಿತ್ತಾಳೆ ರಿವಿಟ್ಟು ಹೊಡೆದಿದ್ದೆ.
ಅವಳು ಸಿಟ್ಟಾಗದೆ ಇಕ್ಕಳ ತಂದು ಅದನ್ನು ಕಿತ್ತಳು.

ಉಳಿದದ್ದು ಬೆನ್ನು.
ಇನ್ನೂರ ಅರವತ್ತನಾಲ್ಕರಲ್ಲಿ ಒಂದರಲ್ಲೂ ಇಲ್ಲ.
ಬೀಳುವಾಗಲೂ ಅಂಗಾತ.
‘ಇವನು ಬೆನ್ನು ತೋರಿಸಿದವನೇ ಅಲ್ಲ’ ಎಂದೆ.
‘ಹಾಗಾದರೆ ಅದು ನಿಮಗೆ ಬಿಟ್ಟದ್ದು’ ಎಂದಳು.
ಎರಡು ವಾರ ಸುತ್ತಿಗೆ ಹಿಡಿದು ಕೂತೆ.
ಕೊನೆಗೆ ನನಗೆ ಬರುವುದನ್ನೇ ಮಾಡಿದೆ,
ಒಂದು ಗೀರೂ ಇಲ್ಲದ ನುಣುಪು.

ಮೈಸೂರಿನಲ್ಲಿ ಇಂಥವರೆಲ್ಲ ಸೇರುವ ಭಾನುವಾರ.
ಪೆಟ್ಟಿಗೆಯಲ್ಲಿಟ್ಟರೆ ಬಿರಿದೀತೆಂದು ತೊಟ್ಟೇ ಹೊರಟಳು.
ಆನೆಚೌಕೂರಿನ ಗೇಟಿನಲ್ಲಿ ಇನ್ನೂ ಕತ್ತಲು.
ವಾಚರ್ ಬೊಳ್ಕ ಟಾರ್ಚು ಬಿಟ್ಟು ಮೇಲಿಂದ ಕೆಳಗೆ ನೋಡಿದ.
‘ಯಾವ ಡಿಪಾರ್ಟ್‌ಮೆಂಟು?’
‘ಗೇಟು ಕಾಯೋದು.’
‘ನಂದೂ ಅದೇ’ ಎಂದು ಸುತ್ತಿ ಹಿಂದೆ ಹೋದ.
ಟಾರ್ಚಿನ ಬೆಳಕು ಅಲ್ಲಿ ತುಸು ಜಾಸ್ತಿಯೇ ನಿಂತಿತು.
ಏನೂ ಹೇಳಲಿಲ್ಲ. ಅಡ್ಡಗಂಬ ಎತ್ತಿದ.

ವ್ಯಾನು ಹತ್ತುವಾಗ ಪಿನ್ನು ಬಿಚ್ಚಿ ಚುಚ್ಚಿತು.
ಅವಳು ತುಟಿ ಬಿಗಿದಳು.
ತಿಂಗಳುಗಟ್ಟಲೆ ಕನ್ನಡಿ ಮುಂದೆ ಕಲಿತರೂ ಬಾರದ ಬಿಗಿ,
ಸರೀ ಅದೇ.
ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.
ನಾವು ಅದನ್ನು
ಇಷ್ಟು ದಿನ ಧೈರ್ಯ ಅಂದುಕೊಂಡಿದ್ದೆವು.