ಸಂದು

ಪಾನಾ ಹಂಗ ಹಿಡೀಬ್ಯಾಡ, ಮಿಥಿಲೇಶ,
ಮುಂಗೈ ಮುರಕೋತೀ. ಸೊಂಟದ್ದು ಹಾಕು ಜೋರು.
ಎರಡು ಪಟ್ಟಿ, ನಾಕು ಬೋಲ್ಟು;
ಎರಡರ ತಲಿ ಒಳಗ, ಎರಡರ ತಲಿ ಹೊರಗ.
ಯಾಕ ಅಂತ ಕೇಳು. ಬಿ.ಎಸ್ಸಿ. ಓದೀದಿ, ಕೇಳಬೇಕು.
ಗಾಲಿ ಹಳಿ ಬಿಟ್ಟು ಇಳದ್ರ
ಒಂದು ಮಗ್ಗಲದ ನಟ್ಟೆಲ್ಲಾ ತರಕೊಂಡ ಹೋಗ್ತದ.
ಆ ಕಡಿ ಮಗ್ಗಲದಾಗ ಎರಡು ಉಳೀತಾವ.
ಎರಡು ಸಾಕು, ಒಂದು ಗಾಡಿ ನಿಂದ್ರೂತನಕ.

ಕೆರಿ ಬತ್ತಿದ ಊರು ನಮ್ಮದು ದುಧನಿ,
ಮೀನಿನ ವಾಸನಿ ಕಂಡವರಲ್ಲ.
ಇದಕ್ಕ ಫಿಶ್‌ಪ್ಲೇಟ್ ಅಂತ ಹೆಸರಿಟ್ಟಾಂವ ಯಾವ ಊರಾಂವೋ!
ನಮ್ಮಪ್ಪ ಪೀಸಪಲೇಟ ಅಂತಿದ್ದ,
ಮೇಟ್ ಲಾಡ್ಲೇಸಾಬ ಬರೇ ಮಛಲಿ ಅಂತಾನ,
ಅಕ್ಕಲಕೋಟ ಕಡಿ ಗ್ಯಾಂಗಿನವರು ಪಟ್ಟಿ.
ಬಿಗಿಯೂ ಮುಂದ ಎಲ್ಲಾ ಒಂದ.

ವರ್ಷಕ್ಕೊಮ್ಮೆ ಬಿಚ್ಚಿ ತೊಳೀಬೇಕು,
ಸೀಮಿಎಣ್ಣ್ಯಾಗ ಗ್ರಾಫೈಟ್ ಕಲಿಸಿ ತಿಕ್ಕಬೇಕು,
ದೀವಳಿಗಿಗೆ ನಮ್ಮವ್ವ ಎಣ್ಣಿ ತಿಕ್ಕಿದಂಗ,
ಕಿವಿ ಹಿಂದಿಂದೂ ಬಿಡದಂಗ.

ಈಗ ಇಲ್ಲಿ ಉಗುರು ಇಡು.
ಹೋಯ್ತು? ಅದ ಸಂದು.
ಏಪ್ರಿಲದಾಗ ಬಾ, ಉಗುರಲ್ಲ, ಕೂದಲಾ ಹೋಗೂದಿಲ್ಲ.
ಇಷ್ಟು ಜಾಗ ಬಿಡದ ಬಿಗದಿ ಅಂದ್ರ
ಹನ್ನೆರಡರ ಬಿಸಲಾಗ ಹಳಿ ಹಾವಾಗಿ ಏಳ್ತದ,
ಸ್ಲೀಪರ್ ಸಹಿತ ಹೊತಗೊಂಡು.
ನಮ್ಮ ಮಾತಿನಾಗ ಕೂಡಿದ ಜಾಗಕ್ಕೂ ಸಂದು ಅಂತೀವಿ,
ಬಿಟ್ಟ ಜಾಗಕ್ಕೂ ಸಂದ.
ನಿಮ್ಮ ಮಾತಿನಾಗ ಎರಡು ಶಬ್ದ ಅದಾವಂತ? ಪಾಪ.

ಇದು ಸೈಡಿಂಗು. ಅದಕ್ಕ ಬೋಲ್ಟು.
ಮೇನ್ ಲೈನಿನಾಗ ಈಗ ಎಲ್ಲಾ ಬೆಸಗಿ.
ಎರಡು ಬೆರಳ ಬಾಯಿ ಬಿಟ್ಟು ಕುಂತ ಹಳಿಗೆ
ಅಚ್ಚು ಕಟ್ಟಿ, ಮಣ್ಣು ಮೆತ್ತಿ, ಮ್ಯಾಲ ಮೂಸಿ ಇಟ್ಟು
ಬತ್ತಿ ಹಚ್ಚಿದ್ರ (ಬರೇಗಣ್ಣೀಲೆ ನೋಡಬಾರದು)
ಬಿಳೇ ಬೆಂಕಿ ಇಳದು ಬಾಯಿ ತುಂಬ್ತದ.
ಆರಿದ ಮ್ಯಾಲ ಕೆತ್ತಿ, ಅರದು, ಸೊಂಟಕ್ಕ ನಂಬರ ಬರೀತಾರ:
ಯಾವ ತಿಂಗಳು, ಯಾವ ವರ್ಷ, ಯಾರ ಕೈ.
ಮುರದ್ರ ಕೇಳಬೇಕಲ್ಲ.
ಲಗ್ನಾ ಹಚ್ಚಿದ ಅಯ್ಯನೋರಿಗೆ ಇಂಥ ನಂಬರ ಇಲ್ಲ ನೋಡು.

ಹ್ವಾದ ಬನದ ಹುಣ್ಣಿವಿ ಹಿಂದಿನ ರಾತ್ರಿ
ಬೋರೋಟಿ ಕಡಿಂದ ಬರಾಕತ್ತಿದ್ದೆ.
ಥಂಡಿಗೆ ಹಲ್ಲಿಗೆ ಹಲ್ಲು ಬಡೀತಿತ್ತು.
ಹಳಿ ನೆರಳು ಜಲ್ಲಿ ಮ್ಯಾಲ ಉದ್ದಕ ಮಲಗಿತ್ತು,
ಅದರ ನಡುವ ಬೆರಳಷ್ಟು ಬೆಳದಿಂಗಳು.
ನೆರಳಿನಾಗ ಬೆಳಕು ಯಾಕ ಬರಬೇಕು?
ಕುಕ್ಕರಗಾಲಲೆ ಕುಂತೆ. ಬೆಸಗಿ ಬಿಟ್ಟಿತ್ತು.
ಎರಡೂ ಕಡಿ ಮೈ ಮುದುಡಿ, ಜಗ್ಗಿ ಜಗ್ಗಿ ಹರಕೊಂಡಿತ್ತು.

ಕೆಂಪು ದೀಪ, ಪಟಾಕಿ, ಓಟ, ಎಲ್ಲಾ ಆತು.
ಉಬ್ಬಿದ ಹೊಟ್ಟಿ ಪಟ್ಟಿ ಅದ ನೋಡು ಶೆಡ್ಡಿನಾಗ,
ಅದನ್ನ ಎರಡೂ ಮಗ್ಗಲಕ್ಕ ಕೊಟ್ಟು ಕ್ಲಾಂಪ್ ಬಿಗದ್ವಿ.
ಸೊಲ್ಲಾಪುರದ ಗಾಡಿ ದಿನಾ ತುಂಬಿದ ಬಸರಿಯಂಗ
ಹೆಜ್ಜಿ ನೋಡಿ ನೋಡಿ ದಾಟಿತು.
ಕಿಡಕ್ಯಾಗ ಒಬ್ಬಾಕಿ ಕೇಳಿದ್ಲು, ಕಾಯ್ ಝಾಲಂ?
ಏನಿಲ್ಲ ತಾಯಿ, ನಿದ್ದಿ ಮಾಡು, ಅಂದೆ.

ಏನಿಲ್ಲ ಅಂದೆ ಖರೆ.
ಬ್ಯಾಟರಿ ಬೆಳಕಿನಾಗ ನಂಬರ ಓದಿದ್ದೆ ಆಗಲೇ.
ರೇವಣಸಿದ್ಧನ ಕೈ. ನನ್ನ ಬೆನ್ನಿಗೆ ಬಿದ್ದ ತಮ್ಮ.
ಕಿಸೆದಾಗ ಸೀಮಿಎಣ್ಣಿ ಅರಬಿ ಇತ್ತು.
ಬಣ್ಣ ಒರಸೂದು ಎಷ್ಟೊತ್ತಿನ ಮಾತು?
ಅಷ್ಟೊತ್ತು ಕುಂತಿದ್ದೆ ಸುಮ್ನ.
ಆಮ್ಯಾಲ ಡೈರಿಯಾಗ ಬರದೆ, ಅಂಕಿ ತಪ್ಪದಂಗ.

ಅವನ ಕಾರ್ಡು ಕಸಗೊಂಡ್ರು.
ಈಗ ಹೋಟಗಿಯೊಳಗ ಜಲ್ಲಿ ಹೊರತಾನ.
ದೀವಳಿಗಿಗೆ ಅವ ಬರಲಿಲ್ಲ, ನಾ ಕರೀಲಿಲ್ಲ.
ಅವ್ವ ಇಬ್ಬರದೂ ತಾಟ ಹಾಕಿದ್ಲು.

ತಲಿ ಅಲ್ಲಾಡಸ್ತೀ, ತಿಳೀತೋ ಇಲ್ಲೋ ನಿನಗ.
ಹಿಡಿ ಪಾನಾ. ಇನ್ನರ್ಧ ಸುತ್ತು.
ಸಾಕು. ಸಾಕಂದೆ.
ಉಗುರು ಇಟ್ಟು ನೋಡು.
ಹೋಗ್ತದ?
ಹಂಗಾರ ಮುಂದಿನದಕ್ಕ ನಡಿ.